ತೋಟದ ಲೆಕ್ಕಕ್ಕೆ ಹಳೆ ಪೆಂಟಿಯಂ ಎಂ ಲ್ಯಾಪ್‌ಟಾಪ್ ಹೇಗಿದೆ?

ಕೊಡಗಿನ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ. ಮಸ್ಟರ್ ರೋಲ್, ಗೊಬ್ಬರದ ಸ್ಟಾಕು, ಇಂಚು-ಸೆಂಟಿನ ಮಳೆ ಲೆಕ್ಕ ಎಲ್ಲವೂ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ40ರಲ್ಲಿದೆ. ಕೀಬೋರ್ಡ್ ಚೆನ್ನಾಗಿದೆ, ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟ ಒಳಗಿರುವ 1.5 ಗಿಗಾಹರ್ಟ್ಸ್ ಪೆಂಟಿಯಂ ಎಂ ಪ್ರೊಸೆಸರ್.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಆಗ ಬೇಕಾದದ್ದು ವೇಗ ಅಲ್ಲ, ಬ್ಯಾಟರಿ ಉಳಿಸುವ ಗುಣ. ಈ ಚಿಪ್ಪಿಗೆ ಅದು ಹುಟ್ಟಿನಿಂದಲೇ ಬಂದಿದೆ.

1990ರಲ್ಲೇ ಇಂಟೆಲ್ ಲ್ಯಾಪ್‌ಟಾಪಿಗೆಂದು 386ಎಸ್‌ಎಲ್ ಎಂಬ ಚಿಪ್ ತಂದಿತ್ತು. ಆದರೆ ಆಮೇಲೆ ಬಂದವು ಹೆಚ್ಚಾಗಿ ಡೆಸ್ಕ್‌ಟಾಪ್ ಚಿಪ್ಪುಗಳೇ, ವೋಲ್ಟೇಜ್ ಇಳಿಸಿ ಕೊಟ್ಟದ್ದು. ಪೆಂಟಿಯಂ 4 ಅಂತೂ ಗಿಗಾಹರ್ಟ್ಸ್ ಏರಿಸಲೆಂದೇ ಕಟ್ಟಿದ್ದು. ಅದರ ಪೈಪ್‌ಲೈನ್ (ಒಂದೊಂದು ಆದೇಶವೂ ಹಂತ ಹಂತವಾಗಿ ಸಾಗುವ ಸಾಲು) 20 ಹಂತ ಉದ್ದ, ಬಿಸಿಯೂ ಜಾಸ್ತಿ. ಇಸ್ರೇಲಿನ ಹೈಫಾದ ಎಂಜಿನಿಯರುಗಳು ಆ ದಾರಿ ಬಿಟ್ಟರು. ಪೆಂಟಿಯಂ 3ರ ವಿನ್ಯಾಸವನ್ನೇ ತಿದ್ದಿ, 1 ಎಂಬಿ ಕ್ಯಾಶ್ ಮೆಮೊರಿ (ಪದೇಪದೇ ಬೇಕಾಗುವುದನ್ನು ಚಿಪ್ಪಿನೊಳಗೇ ಇಟ್ಟುಕೊಳ್ಳುವ ಜಾಗ) ಸೇರಿಸಿದರು. ಆ ಕ್ಯಾಶ್‌ನಲ್ಲೂ ಬೇಕಾದ ತುಂಡಿಗೆ ಮಾತ್ರ ಕರೆಂಟ್ ಹೋಗುತ್ತದೆ. ಎಷ್ಟು ಜಾಣತನ ಅಲ್ವಾ! 2003ರ ಮಾರ್ಚ್‌ನಲ್ಲಿ ಅದು ಪೆಂಟಿಯಂ ಎಂ ಆಗಿ ಬಂತು.

ನಾನು ಹಾಜರಿ ಟೈಪ್ ಮಾಡುವಾಗ ಚಿಪ್ಪಿಗೆ ಹೆಚ್ಚು ಕೆಲಸ ಇರುವುದಿಲ್ಲ. ಆಗ ಅದು 600 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ವೋಲ್ಟೇಜ್ ಕೂಡ 1.484ರಿಂದ 0.956ಕ್ಕೆ ಇಳಿಯುತ್ತದೆ. ಉಳಿತಾಯದ ಗುಟ್ಟು ಇದರಲ್ಲೇ ಇದೆ: ವೋಲ್ಟೇಜ್ ಅರ್ಧವಾದರೆ ಕರೆಂಟ್ ಖರ್ಚು ಕಾಲು ಭಾಗಕ್ಕೆ ಬರುತ್ತದೆ. ಪೂರ್ತಿ ಓಡುವಾಗ 24.5 ವ್ಯಾಟ್ ಲೆಕ್ಕದ ಚಿಪ್ಪು ಇಲ್ಲಿ ಸುಮಾರು 6 ವ್ಯಾಟ್‌ನಲ್ಲಿ ಸುಧಾರಿಸಿಕೊಳ್ಳುತ್ತದೆ. ಫ್ಯಾನ್ ಸದ್ದೂ ಕಡಿಮೆ.

ಇವತ್ತಿನ ವೆಬ್‌ಸೈಟುಗಳಿಗೆ ಇದು ಸಾಲದು. ವಿಡಿಯೊ ನೋಡುವವರು ಇದನ್ನು ತಗೊಳ್ಳಬೇಡಿ. ಲಿನಕ್ಸ್ ಹಾಕುವುದಾದರೆ ಪಿಎಇ (ಹೆಚ್ಚು ಮೆಮೊರಿ ಬಳಸುವ ಸೌಲಭ್ಯ, ಈ ಚಿಪ್ಪು ಅದನ್ನು ತೋರಿಸುವುದಿಲ್ಲ) ಕೇಳದ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬೇಕು. ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ ಅದು ಸಿಗುತ್ತದೆ.

ಕೊಳ್ಳುವ ಮನಸ್ಸಿದ್ದರೆ ಪೆಂಟಿಯಂ ಎಂನ ಮುಂದಿನ ರೂಪವಾದ ಡೋಥಾನ್ ಚಿಪ್ ಇರುವುದನ್ನೇ ಹುಡುಕಿ. ಅದು 2004ರದ್ದು. ಕ್ಯಾಶ್ 2 ಎಂಬಿ, ಖರ್ಚು 21 ವ್ಯಾಟ್. ಹಳೆ ಬ್ಯಾಟರಿ ನಂಬಬೇಡಿ. ನಾನು ಕುಶಾಲನಗರದಲ್ಲಿ ಸೆಲ್ ಬದಲಾಯಿಸಿಕೊಂಡೆ, ಈಗ ಸಂಜೆಯ ಹಾಜರಿ ಪೂರ್ತಿ ಬರೆಯುವಷ್ಟು ಹೊತ್ತು ಆರಾಮಾಗಿ ಬರುತ್ತದೆ.