ಯಜಮಾನರ ಕೋಣೆ ಎಲ್ಲಿರಬೇಕು: ನೈಋತ್ಯವೋ, ಮಹಡಿಯೋ, ಪೂರ್ವವೋ?

ಸಕಲೇಶಪುರದ ಕಡೆ ಮನೆ ಕಟ್ಟಿಸುವಾಗ ಎಲ್ಲರೂ ಕೇಳುವುದು ಒಂದೇ: ಯಜಮಾನರ ಕೋಣೆ ನೈಋತ್ಯದಲ್ಲಿದೆ ತಾನೇ? ವಾಸ್ತು ಹೇಳುವುದೂ ಅದನ್ನೇ. ಆದರೆ ನಮ್ಮ ಮುಂಗಾರು ಬರುವುದೂ ಅದೇ ದಿಕ್ಕಿನಿಂದ ಅಲ್ವಾ? ನಮ್ಮ ಮನೆಯ ಮೂರು ಕೋಣೆಗಳಲ್ಲೂ ಮಳೆಗಾಲ, ಚಳಿಗಾಲ, ಬೇಸಿಗೆ ಕಳೆದು ನೋಡಿದ್ದೇವೆ.

ನೈಋತ್ಯದ ಕೋಣೆ ಮನೆಯ ಹಿಂದಿನ ಮೂಲೆಯಲ್ಲಿದೆ. ಹಾಲಿನ ಟಿವಿ, ರಸ್ತೆಯ ಲಾರಿ ಏನೂ ಕೇಳಿಸುವುದಿಲ್ಲ. ಸದ್ದಿನ ಮಟ್ಟಿಗೆ ನಿದ್ದೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಜೂನ್ ಬಂತೆಂದರೆ ಎರಚಲೆಲ್ಲ ಆ ಗೋಡೆಗೇ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಗೋಡೆ ನೀರು ಕುಡಿಯುತ್ತದೆ. ಆಷಾಢದ ಹೊತ್ತಿಗೆ ಬೀರುವಿನ ಹಿಂದೆ ಬೂಷ್ಟು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಕಪ್ಪು ಚುಕ್ಕಿ, ಹಾಸಿಗೆಗೆ ಮುಗ್ಗಲು ವಾಸನೆ. ಕಿಟಕಿ ತೆರೆದರೆ ನೀರು, ಮುಚ್ಚಿದರೆ ಉಸಿರುಗಟ್ಟುತ್ತದೆ. ನಮ್ಮ ಅತ್ತೆಗೆ ಉಬ್ಬಸ ಇದೆ. ಅವರನ್ನು ಆ ಗೋಡೆಯ ಪಕ್ಕ ಮಲಗಿಸಲು ನನಗೆ ಮನಸ್ಸೇ ಬರುವುದಿಲ್ಲ. ಏಪ್ರಿಲ್‌ನಲ್ಲಿ ಇನ್ನೊಂದು ತೊಂದರೆ. ಮಧ್ಯಾಹ್ನವೆಲ್ಲ ಕಾದ ಗೋಡೆ, ನಾವು ಮಲಗುವ ಹೊತ್ತಿಗೆ ಸರಿಯಾಗಿ ಒಳಗೆ ಶಾಖ ಬಿಡುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಮಳೆ ಹೊಡೆಯುವ ಕಡೆಯ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಾಡನ್ನು ಗೋಡೆಯಿಂದ ಆಚೆಗೆ ಚೆನ್ನಾಗಿ ಇಳಿಸುತ್ತಿದ್ದರು. ಈಗ ಒಂದೂವರೆ ಅಡಿ ಸಜ್ಜಾ ಹಾಕಿ ಸುಮ್ನೆ ಬಿಡುತ್ತಾರೆ.

ಮಹಡಿಗೆ ನೆಲದ ಥಂಡಿ ಏರುವುದಿಲ್ಲ, ಗಾಳಿಯೂ ಚೆನ್ನಾಗಿ ಆಡುತ್ತದೆ. ಆದರೆ ಬೇಸಿಗೆಯಲ್ಲಿ ಆರ್‌ಸಿಸಿ ತಾರಸಿ ರಾತ್ರಿ ಊಟ ಆದ ಮೇಲೂ ಬಿಸಿ. ಮೇಲೆ ಶೀಟ್ ಹೊದಿಸಿದರೆ ಬಿಸಿಲು ತಡೆಯುತ್ತದೆ, ಜೋರು ಮಳೆಯ ಸದ್ದಿಗೆ ಮಾತ್ರ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಮಂಡಿನೋವಿನವರಿಗಂತೂ ಮೆಟ್ಟಿಲು ಬೇಡವೇ ಬೇಡ. ಅದು ಮಕ್ಕಳಿಗಿರಲಿ.

ನನ್ನ ಆಯ್ಕೆ ಪೂರ್ವದ ಕೋಣೆ. ಮುಂಗಾರಿಗೆ ಅದು ಬೆನ್ನು ಹಾಕಿದೆ, ಹಾಗಾಗಿ ಮಳೆ ಜಾಸ್ತಿಯಿದ್ದ ದಿನವೂ ಒಂದು ಕಿಟಕಿ ತೆರೆದಿಡಬಹುದು. ಗಾಳಿಯಾಡುವ ಕಡೆ ಬೂಷ್ಟು ಅಷ್ಟಾಗಿ ಹಿಡಿಯುವುದಿಲ್ಲ. ಬೇಸಿಗೆಯಲ್ಲೂ ಸಂಜೆಗೆ ಗೋಡೆ ತಣ್ಣಗಾಗಿರುತ್ತದೆ. ಡಿಸೆಂಬರಿನಲ್ಲಿ ಮಂಜು ಕರಗಿದ ಕೂಡಲೇ ಬಿಸಿಲು ಹಾಸಿಗೆಗೇ ಬೀಳುತ್ತದೆ. ಆ ತಿಂಗಳು ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟುತ್ತಾನೆ, ದಕ್ಷಿಣಕ್ಕೂ ಒಂದು ಕಿಟಕಿ ಇಡುವುದಾದರೆ ಇನ್ನೂ ಒಳ್ಳೆಯದು. ಅಡುಗೆಮನೆ ಪಕ್ಕದಲ್ಲೇ ಇರುವುದರಿಂದ ಬೆಳಿಗ್ಗೆ ಕುಕ್ಕರ್ ಕೂಗು ಕೇಳುತ್ತದೆ. ಅದನ್ನು ಸಹಿಸಿಕೊಳ್ಳಬಹುದು, ಒದ್ದೆ ಗೋಡೆಯನ್ನಲ್ಲ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ. ಅಲ್ಲಿ ನೈಋತ್ಯದ ಕೋಣೆಗೆ ಪಶ್ಚಿಮದ ಬಿಸಿಲನ್ನು ತಡೆದರೆ ಸಾಕು. ಘಟ್ಟದ ಅಂಚಿನಲ್ಲಿದ್ದೂ ವಾಸ್ತು ಬಿಡಲಾಗದು ಅನ್ನುವವರು ಅಲ್ಲೇ ಕಟ್ಟಿಸಿ, ಆದರೆ ಪಶ್ಚಿಮಕ್ಕೆ ಒಂದು ಜಗುಲಿ ಇಳಿಸಿ, ಮಳೆ ನೇರವಾಗಿ ಕೋಣೆಯ ಗೋಡೆಗೆ ತಾಗದ ಹಾಗೆ. ಬೀರುವನ್ನು ಒಳಗೋಡೆಯ ಕಡೆ ಇಡಿ, ಹಿಂದೆ ಅಂಗೈ ಆಡುವಷ್ಟು ಸಂದು ಇರಲಿ.