ಹಳೆಯ ಮರದ ರೋಲರ್ ಕೋಸ್ಟರ್: ಮರದಲ್ಲೇ ದುರಸ್ತಿಯೋ, ಉಕ್ಕಿನ ಹಳಿಯೋ?

ಮರದ ರೋಲರ್ ಕೋಸ್ಟರಿನ ಹಳಿ ಎಂದರೆ ಒಂದರ ಮೇಲೊಂದು ಜೋಡಿಸಿದ ಹಲಗೆಗಳು ಮತ್ತು ಅವುಗಳ ಮೇಲೆ ಕೂರಿಸಿದ ಉಕ್ಕಿನ ಪಟ್ಟಿ. ಮಳೆಬಿಸಿಲಿಗೆ ಹಲಗೆಗಳು ಹಿಗ್ಗಿ ಕುಗ್ಗುತ್ತವೆ, ಬೋಲ್ಟುಗಳು ಸಡಿಲಗೊಳ್ಳುತ್ತವೆ. ಇಳಿಜಾರಿನ ತಳದಲ್ಲಿಯೂ ತಿರುವುಗಳಲ್ಲಿಯೂ ಗಾಲಿಗಳ ಒತ್ತಡಕ್ಕೆ ಹಳಿ ತುಸುತುಸುವೇ ಜರುಗಿ, ಅಲ್ಲಿ ಹುಟ್ಟಿದ ಕುಲುಕಾಟವೇ ಮುಂದಿನ ಹಲಗೆಗಳನ್ನೂ ಜಜ್ಜತೊಡಗುತ್ತದೆ. ಒರಟುತನ ಒರಟುತನವನ್ನೇ ಬೆಳೆಸುವುದರಿಂದ ನಿರ್ಧಾರವನ್ನು ಮುಂದೂಡುವುದು ದುಬಾರಿ.

ಸವೆದ ಭಾಗಗಳನ್ನು ಹೊಸ ಮರದಿಂದಲೇ ಕಟ್ಟಿದರೆ ಖರ್ಚನ್ನು ಹಲವು ವರ್ಷಗಳಿಗೆ ಹಂಚಬಹುದು, ಸವಾರಿಯ ಮೂಲ ಗುಣವೂ ಉಳಿಯುತ್ತದೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1927ರಲ್ಲಿ ಆರಂಭವಾದ ಸೈಕ್ಲೋನ್ ಇಂದಿಗೂ ಮರದ ಹಳಿಯ ಸವಾರಿಯೇ. ಆದರೆ ಈ ಕೆಲಸಕ್ಕೆ ಕೊನೆಯೆಂಬುದಿಲ್ಲ; ನುರಿತ ಬಡಗಿಗಳು ಸದಾ ಬೇಕು.

ಮರದ ಚೌಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡು ಉಕ್ಕಿನ ಹಳಿ ಹಾಕುವುದು ಇನ್ನೊಂದು ದಾರಿ. 1990ರ ಮರದ ಕೋಸ್ಟರ್ ಟೆಕ್ಸಾಸ್ ಜಯಂಟ್ 2011ರಲ್ಲಿ ಹೀಗೆ ಮರುಹುಟ್ಟು ಪಡೆಯಿತು. ಒಹಾಯೋದ ಮನರಂಜನಾ ಉದ್ಯಾನ ಸೀಡರ್ ಪಾಯಿಂಟ್‌ನಲ್ಲಿ 1991ರ ಮೀನ್ ಸ್ಟ್ರೀಕ್ 2018ರಲ್ಲಿ ಸ್ಟೀಲ್ ವೆಂಜನ್ಸ್ ಆಯಿತು. ಓಟ ನುಣುಪಾಗುತ್ತದೆ, ಮರದ ಹಳಿಗೆ ಕಷ್ಟವಾದ ತಲೆಕೆಳಗಿನ ಸುತ್ತುಗಳೂ ಸಾಧ್ಯವಾಗುತ್ತವೆ. ಆದರೆ ಬಂಡವಾಳವನ್ನು ಒಮ್ಮೆಗೇ ಹೂಡಬೇಕು, ಸವಾರಿ ದೀರ್ಘಕಾಲ ಮುಚ್ಚಿರುತ್ತದೆ, ಮರದ ಹಳಿಯ ಸದ್ದು ಮತ್ತು ಸ್ಪಂದನ ಹೋಗಿಬಿಡುತ್ತವೆ.

ಸಾಧಾರಣ ಎತ್ತರದ, ವಿನ್ಯಾಸ ಚೆನ್ನಾಗಿರುವ ಹಳೆಯ ಸವಾರಿಗೆ ಮರವೇ ತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ. ಮರ ತಾಳಲಾರದಷ್ಟು ಎತ್ತರಕ್ಕೂ ವೇಗಕ್ಕೂ ಕಟ್ಟಿದ್ದರೆ ಮಾತ್ರ ಉಕ್ಕನ್ನು ಆರಿಸಬೇಕು.