ನಾಲ್ಕು ಮಳೆಗಾಲ ಕಂಡ ನನ್ನ ಬ್ಯಾಂಡ್ ಸಾ: ಮನೆಯಲ್ಲಿ ಕತ್ತಿ ಮಾಡುವವರಿಗೆ ಇದು ಸಾಕಾ?

ಮನೆ ಹಿಂದಿನ ಚಿಕ್ಕ ಶೆಡ್ಡಿನಲ್ಲಿ ಅಡುಗೆ ಚಾಕು, ಮೆಟ್ಟುಗತ್ತಿ ಮಾಡುತ್ತೇನೆ. ಊರು ಸಾಗರ. ನಾಲ್ಕು ವರ್ಷದ ಹಿಂದೆ ಲೋಹ ಕೊಯ್ಯುವ ಬ್ಯಾಂಡ್ ಸಾ, ಅಂದರೆ ಎರಡು ಚಕ್ರದ ಮೇಲೆ ಬಳೆಯಂಥ ಬ್ಲೇಡ್ ಓಡುವ ಗರಗಸ, ತಗೊಂಡೆ. ನಾಲ್ಕೂವರೆ ಇಂಚಿನವರೆಗೆ ಕೊಯ್ಯುವ ಸಣ್ಣ ಮೆಷಿನ್. ಮಲಗಿಸಿದರೆ ಪಟ್ಟಿ ತುಂಡು ಮಾಡುತ್ತದೆ. ಎತ್ತಿ ನಿಲ್ಲಿಸಿದರೆ ಟೇಬಲ್ ಮೇಲೆ ಕೈಯಲ್ಲಿ ಹಿಡಿದು ಚಾಕುವಿನ ಆಕಾರ ಕೊಯ್ಯಬಹುದು. ಇದೇ ಮೆಷಿನ್ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಯಾವ ಹೆಸರು ಅನ್ನುವುದಕ್ಕಿಂತ ಏನು ನೋಡಿ ತಗೊಳ್ಳಬೇಕು ಅನ್ನುವುದನ್ನೇ ಹೇಳುತ್ತೇನೆ. ಮೆಷಿನ್ ಬಗ್ಗೆ ಎಷ್ಟು ಯೋಚನೆ ಮಾಡುತ್ತೀರೋ, ಬ್ಲೇಡಿನ ಬಗ್ಗೆ ಅದರ ಎರಡರಷ್ಟು ಮಾಡಿ.

ಮೊದಲು ಎಲ್ಲವನ್ನೂ ಆ್ಯಂಗಲ್ ಗ್ರೈಂಡರಿನಲ್ಲೇ ಕೊಯ್ಯುತ್ತಿದ್ದೆ. ಕೆಲಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಸದ್ದಿಗೆ ಪಕ್ಕದ ಮನೆ ಮಗು ಬೆಚ್ಚಿ ಏಳುತ್ತಿತ್ತು. ಕಿಡಿ ಹಾರಿ ಒಂದು ಸಲ ಶೆಡ್ ಪಕ್ಕ ಒಟ್ಟಿದ್ದ ಒಣ ಸೋಗೆಗೆ ಬೆಂಕಿ ಹತ್ತಿಕೊಂಡಿತು. ಎರಡು ಕೊಡ ನೀರಿಗೆ ಆರಿತು, ಸದ್ಯ. ಇನ್ನೊಂದು ತೊಂದರೆ ಆಮೇಲೆ ಗೊತ್ತಾಯಿತು. ನಾನು ಚಾಕುವಿಗೆ ಬಳಸುವ ಡಿ2 ಉಕ್ಕು, ಕಾದ ಮೇಲೆ ಬರೀ ಗಾಳಿಯಲ್ಲಿ ಆರಿದರೂ ಗಡಸಾಗುವ ಜಾತಿ. ಗ್ರೈಂಡರಿನ ಕಾವಿಗೆ ಕೊಯ್ದ ಅಂಚೇ ಗಡಸಾಗಿ ಕೂರುತ್ತದೆ. ಆಮೇಲೆ ಅಲ್ಲಿ ಅರ ಹಾಕಿದರೆ ಅರ ಹಾಳು, ಡ್ರಿಲ್ ಹಾಕಿದರೆ ಬಿಟ್ ಹಾಳು. ಬ್ಯಾಂಡ್ ಸಾದಲ್ಲಿ ಕೊಯ್ದ ಪಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿಯಬಹುದು, ಬೆಚ್ಚಗಿರುತ್ತದೆ ಅಷ್ಟೇ.

ತಗೊಳ್ಳುವಾಗ ಮೊದಲು ನೋಡಬೇಕಾದದ್ದು ಅತಿ ಕಡಿಮೆ ವೇಗ ಎಷ್ಟು ಅಂತ. ಮೋಟಾರ್ ಎಷ್ಟು ಎಚ್‌ಪಿ ಅನ್ನುವುದು ಆಮೇಲೆ. ನನ್ನದರಲ್ಲಿ ಬೆಲ್ಟ್ ಜಾಗ ಬದಲಿಸಿದರೆ ಬ್ಲೇಡ್ ನಿಮಿಷಕ್ಕೆ 20, 29 ಅಥವಾ 50 ಮೀಟರ್ ಓಡುತ್ತದೆ. ಡಿ2ಗೆ 20 ಮಾತ್ರ. ಮೆತ್ತಗಿರುವ ಇಎನ್45 ಅನ್ನುವ ಸ್ಪ್ರಿಂಗ್ ಉಕ್ಕಿಗೆ 29 ನಡೆಯುತ್ತದೆ. 50 ಅನ್ನು ನಾನು ಅಲ್ಯೂಮಿನಿಯಂ, ಹಿತ್ತಾಳೆಗೆ ಇಟ್ಟುಕೊಂಡಿದ್ದೇನೆ. ಮರ ಕೊಯ್ಯುವ ಬ್ಯಾಂಡ್ ಸಾಗೆ ಲೋಹದ ಬ್ಲೇಡ್ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಅದು ನಿಮಿಷಕ್ಕೆ 900 ಮೀಟರಿನ ಆಸುಪಾಸು ಓಡುತ್ತದೆ. ಉಕ್ಕು ಮುಟ್ಟಿದ ಕ್ಷಣವೇ ಹಲ್ಲು ಸುಟ್ಟು ಹೋಗುತ್ತದೆ.

ಮೆಷಿನ್ ಲಾರಿಯಲ್ಲಿ ಬಂದ ಮೊದಲ ವಾರ ನನಗೆ ಅಳುವೇ ಬಂದಿತ್ತು. ಮೂರು ಸಲ ಬ್ಲೇಡ್ ಚಕ್ರದಿಂದ ಕಳಚಿತು. ಗೇರ್ ಬಾಕ್ಸ್ ತೆರೆದು ನೋಡಿದರೆ ಎಣ್ಣೆಯಲ್ಲಿ ಮರಳು. ಎರಕ ಹೊಯ್ದಾಗಿನ ಮರಳನ್ನು ಸರಿಯಾಗಿ ತೊಳೆದೇ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಜನ ಕಳಿಸುತ್ತೇವೆ ಅಂದರು, ಯಾರೂ ಬರಲಿಲ್ಲ. ಕೊನೆಗೆ ನಾನೇ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗೇರ್ ಎಣ್ಣೆ ತುಂಬಿದೆ. ಬ್ಲೇಡ್ ಅತ್ತಿತ್ತ ಆಡದಂತೆ ಹಿಡಿಯುವ ಗೈಡ್ ಬೇರಿಂಗುಗಳನ್ನು ಒಂದೊಂದಾಗಿ ಸಡಿಲಿಸಿ, ಬ್ಲೇಡಿಗೆ ತಾಗಿಯೂ ತಾಗದ ಹಾಗೆ ಕೂರಿಸಿದೆ. ಬ್ಲೇಡ್ ನಿಂತಿರುವಾಗ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸ್ವಲ್ಪ ತಡೆದು ತಿರುಗಬೇಕು. ಸುಮ್ನೆ ಗಿರಗಿರ ತಿರುಗಿದರೆ ಸಡಿಲ, ತಿರುಗದಿದ್ದರೆ ಬಿಗಿ. ಆಮೇಲೆ ಬ್ಲೇಡ್ ಟೈಟ್ ಮಾಡುವ ಗುಂಡಿಯನ್ನು ನಾನು ಹೆದರಿ ಹೆದರಿ ತಿರುಗಿಸುತ್ತಿದ್ದೆ, ತಪ್ಪು ಅದೇ. ಈ ಮೆಷಿನ್ನುಗಳಿಗೆ ಕೈಯಲ್ಲಿ ಆಗುವಷ್ಟೂ ಬಿಗಿ ಬೇಕು. ಒಂದು ಇಡೀ ಭಾನುವಾರ ಇದಕ್ಕೇ ಹೋಯಿತು. ಅವತ್ತಿನಿಂದ ಇವತ್ತಿನವರೆಗೆ ಬ್ಲೇಡ್ ಕಳಚಿಲ್ಲ.

ಈಗ ಬ್ಲೇಡ್. ಮೆಷಿನ್ ಜೊತೆ ಬಂದದ್ದು ಸಾದಾ ಕಾರ್ಬನ್ ಬ್ಲೇಡ್. ಎರಡು ಚಾಕು ಕೊಯ್ಯುವಷ್ಟರಲ್ಲಿ ಮೊಂಡಾಯಿತು. ಬೈಮೆಟಲ್ ಬ್ಲೇಡನ್ನೇ ತಗೊಳ್ಳಿ. ಅದರ ಬೆನ್ನು ಸ್ಪ್ರಿಂಗ್ ಉಕ್ಕು, ಹಲ್ಲಿನ ತುದಿ ಎಂ42 ಅನ್ನುವ, ಕಾವಿಗೆ ಸುಲಭಕ್ಕೆ ಮೆತ್ತಗಾಗದ ಹೈಸ್ಪೀಡ್ ಉಕ್ಕು. ನನ್ನ ಮೆಷಿನ್ನಿಗೆ 1,638 ಮಿ.ಮೀ. ಉದ್ದ, ಅರ್ಧ ಇಂಚು ಅಗಲದ್ದು ಬೇಕು. ಈ ಅಳತೆ ಎಲ್ಲೆಡೆ ಚಾಲ್ತಿಯಲ್ಲಿದೆ. ಬೆಂಗಳೂರಿನ ಪೀಣ್ಯ ಕಡೆ ಸುರುಳಿಯಿಂದ ಅಳೆದು, ಬೆಸುಗೆ ಹಾಕಿಯೂ ಕೊಡುತ್ತಾರೆ. ಬೆಸುಗೆಯ ಜಾಗವನ್ನು ಉಗುರಲ್ಲಿ ಸವರಿ ನೋಡಿ. ಗಂಟು ಸಿಕ್ಕಿದರೆ ವಾಪಸ್ ಕೊಡಿ. ಆ ಗಂಟು ಗೈಡಿಗೆ ಬಡಿದು ಟಕ್ ಟಕ್ ಅನ್ನುತ್ತಿದ್ದು ಒಂದು ದಿನ ಅಲ್ಲೇ ತುಂಡಾಗುತ್ತದೆ.

ಹಲ್ಲಿನ ಲೆಕ್ಕದಲ್ಲಿ ನಾನು ಒಂದು ವರ್ಷ ದಡ್ಡನಾಗಿದ್ದೆ. ಕೊಯ್ಯುವಾಗ ಉಕ್ಕಿನೊಳಗೆ ಯಾವಾಗಲೂ ಮೂರು ಹಲ್ಲಾದರೂ ಇರಬೇಕು ಅನ್ನುವುದು ಹಳೆಯ ನಿಯಮ. ಗೊತ್ತಿತ್ತು. ಆದರೆ ಒಂದೇ ಪಟ್ಟಿಗೆ ಎರಡು ಲೆಕ್ಕ ಇದೆ ಅಂತ ಹೊಳೆದಿರಲಿಲ್ಲ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ ಅಂತಿಟ್ಟುಕೊಳ್ಳಿ. ಅದನ್ನು ವೈಸಿನಲ್ಲಿ ಅಡ್ಡ ಮಲಗಿಸಿ ತುಂಡು ಮಾಡುವಾಗ ಬ್ಲೇಡಿಗೆ ಸಿಗುವುದು 40 ಮಿ.ಮೀ. ಆಗ ಇಂಚಿಗೆ 14 ಹಲ್ಲಿದ್ದರೆ ಇಪ್ಪತ್ತಕ್ಕಿಂತ ಜಾಸ್ತಿ ಹಲ್ಲು ಒಳಗಿರುತ್ತವೆ, ಚೆನ್ನಾಗಿ ಕೊಯ್ಯುತ್ತದೆ. ಅದೇ ಪಟ್ಟಿಯನ್ನು ಟೇಬಲ್ ಮೇಲಿಟ್ಟು ಆಕಾರ ಕೊಯ್ಯುವಾಗ ಬ್ಲೇಡಿಗೆ ಸಿಗುವುದು ಬರೀ 3 ಮಿ.ಮೀ. ದಪ್ಪ. ಅದೇ ಬ್ಲೇಡಿನ ಎರಡು ಹಲ್ಲೂ ಒಳಗಿರುವುದಿಲ್ಲ. ಒಂದೊಂದೇ ಹಲ್ಲು ಪಟ್ಟಿಯ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಒಂದು ಮುರಿದರೆ ಹಿಂದಿನದಕ್ಕೂ ಅದೇ ಗತಿ. ಇಂಚಿಗೆ 24 ಹಲ್ಲಿನದು ಹಾಕಿದ ಮೇಲೆ ಹೆಚ್ಚುಕಡಿಮೆ ಮೂರು ಹಲ್ಲು ಒಳಗಿರುತ್ತವೆ. ಕೈಗೇ ಗೊತ್ತಾಗುತ್ತದೆ, ಗಡಗಡ ಅನ್ನುತ್ತಿದ್ದದ್ದು ಜುಂಯ್ ಅಂತ ಓಡುತ್ತದೆ. ಈಗ ಎರಡೂ ಬ್ಲೇಡ್ ಇಟ್ಟುಕೊಂಡಿದ್ದೇನೆ. ಬದಲಿಸಲು ಐದು ನಿಮಿಷ ಸಾಕು.

ಹೊಸ ಬ್ಲೇಡನ್ನು ಪಳಗಿಸಬೇಕು. ಮೊದಲ ಹದಿನೈದು ನಿಮಿಷ ಅರ್ಧ ಒತ್ತಡದಲ್ಲಿ ಕೊಯ್ಯಿರಿ. ಆಮೇಲೆ ಬೀಳುವ ಪುಡಿ ನೋಡಿ. ಚಿಕ್ಕದಾಗಿ ಸುತ್ತಿಕೊಂಡ ಸುರುಳಿ ಬಿದ್ದರೆ ಎಲ್ಲ ಸರಿ ಇದೆ. ಹಿಟ್ಟಿನ ಹಾಗೆ ಬಿದ್ದರೆ ಒತ್ತಡ ಸಾಲದು, ಹಲ್ಲು ಸುಮ್ನೆ ಉಜ್ಜುತ್ತಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ನಿಲ್ಲಿಸಿ.

ಗುಜರಿಯ ಲಾರಿ ಪಾಟಾದ (ಲಾರಿಯ ಸ್ಪ್ರಿಂಗ್ ಪಟ್ಟಿ) ಬಗ್ಗೆ ಒಂದು ಮಾತು. ನಮ್ಮ ಕಡೆ ಕತ್ತಿ ಮಾಡುವವರೆಲ್ಲ ಅದರಿಂದಲೇ ಶುರು ಮಾಡುತ್ತೇವೆ ಅಲ್ವಾ? ಅದು ಮೊದಲೇ ಹದ ಹಾಕಿ ಗಡಸು ಮಾಡಿದ ಉಕ್ಕು. ಹಾಗೇ ಕೊಯ್ಯಲು ಹೋಗಿ ನನ್ನ ಒಂದು ಹೊಸ ಬ್ಲೇಡ್ ಅರ್ಧ ಗಂಟೆಯಲ್ಲಿ ಬೋಳಾಯಿತು. ಈಗ ಕುಲುಮೆಯಲ್ಲಿ ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು ರಾತ್ರಿ ಬಿಡುತ್ತೇನೆ. ಬೆಳಗ್ಗೆ ಅರ ಹಾಕಿ ನೋಡುತ್ತೇನೆ. ಅರ ಕಚ್ಚಿದರೆ ಗರಗಸ. ಜಾರಿದರೆ ಮತ್ತೆ ಕುಲುಮೆ. ಅಂಗಡಿಯಿಂದ ಮೆತ್ತಗಿದೆ ಅಂತ ತಂದ ಪಟ್ಟಿಗೂ ಇದೇ ಪರೀಕ್ಷೆ.

ಜೊತೆಗೆ ಬರುವ ಟೇಬಲ್ ಅಂಗೈಯಗಲದ ತಗಡು. ಒತ್ತಿದರೆ ಬಾಗುತ್ತದೆ. ಅದನ್ನು ತೆಗೆದು 10 ಮಿ.ಮೀ. ದಪ್ಪದ ಒಂದಡಿ ಚೌಕದ ಕಬ್ಬಿಣದ ತಟ್ಟೆ ಹಾಕಿಸಿದೆ. ಇಡೀ ಮೆಷಿನ್ನಿಗೆ ನಾನು ಮಾಡಿದ ಅತ್ಯುತ್ತಮ ಖರ್ಚು ಇದು. ಪಟ್ಟಿ ಮೇಲೆ ಒಂದಕ್ಕೊಂದು ತಲೆಕೆಳಗಾಗಿ ಎರಡು ಚಾಕು ಗೀಚಿ, ಗೆರೆಯಿಂದ ಒಂದು ಮಿ.ಮೀ. ಬಿಟ್ಟು ಕೊಯ್ಯುತ್ತೇನೆ. ಅರ್ಧ ಇಂಚಿನ ಬ್ಲೇಡ್ ಎರಡೂವರೆ ಇಂಚು ತ್ರಿಜ್ಯಕ್ಕಿಂತ ಚಿಕ್ಕ ತಿರುವು ತೆಗೆಯುವುದಿಲ್ಲ. ಬೆರಳು ಕೂರುವ ಗುಳಿಗೆ ಅಂಚಿನಿಂದ ನಾಲ್ಕಾರು ಸೀಳು ಹಾಕಿ, ಮಧ್ಯದ ಚೂರುಗಳನ್ನು ಮುರಿದು ತೆಗೆಯಬೇಕು. ಮೆಟ್ಟುಗತ್ತಿಯ ದೊಡ್ಡ ಬಾಗು ಮಾತ್ರ ಒಂದೇ ಓಟದಲ್ಲಿ ಬರುತ್ತದೆ. ಪಟ್ಟಿಯ ಕೊನೆ ಎರಡು ಇಂಚನ್ನು ಮರದ ತುಂಡಿನಿಂದ ತಳ್ಳಿ, ಬೆರಳಿನಿಂದ ಬೇಡ. ಕೈಗವಸು ಹಾಕಬೇಡಿ, ಹಲ್ಲು ಅದನ್ನು ಕಚ್ಚಿ ಕೈಯನ್ನೂ ಎಳೆದುಕೊಳ್ಳುತ್ತದೆ.

ಮಲೆನಾಡಿನಲ್ಲಿ ಜೂನ್ ಬಂದರೆ ಎರಕದ ಕಬ್ಬಿಣಕ್ಕೆ ರಾತ್ರೋರಾತ್ರಿ ತುಕ್ಕು. ಟೇಬಲ್ಲಿಗೆ, ಚಕ್ರಕ್ಕೆ ಎಣ್ಣೆ ಬಟ್ಟೆ ಸವರುತ್ತೇನೆ. ವಾರಗಟ್ಟಲೆ ಬಳಸದಿದ್ದರೆ ಬ್ಲೇಡ್ ಸಡಿಲಿಸಿ, ಬಿಚ್ಚಿ, ಎಣ್ಣೆ ಹಚ್ಚಿದ ಪೇಪರಿನಲ್ಲಿ ಸುತ್ತಿ ಮನೆಯೊಳಗೆ ಇಡುತ್ತೇನೆ. ಎರಡನೇ ವರ್ಷ ಸ್ವಿಚ್ ಹೋಯಿತು, ಊರಿನ ಎಲೆಕ್ಟ್ರಿಷಿಯನ್ ಬೇರೆ ಹಾಕಿಕೊಟ್ಟರು. ಬೆಲ್ಟ್ ಒಂದು ಸಲ ಬದಲಿಸಿದ್ದೇನೆ. ಅಷ್ಟೇ ರಿಪೇರಿ.

ಜಾಗ ಇಲ್ಲದವರು, ಬಾಡಿಗೆ ಮನೆಯವರು ಕೈಯಲ್ಲಿ ಹಿಡಿಯುವ ಪೋರ್ಟಬಲ್ ಬ್ಯಾಂಡ್ ಸಾವನ್ನು ಸ್ಟ್ಯಾಂಡಿಗೆ ಕೂರಿಸಿಕೊಳ್ಳಬಹುದು. ಗೆಳೆಯನ ಹತ್ತಿರ ಮಕಿಟಾ 2107 ಇದೆ. ಕಟ್ಟುಮಸ್ತಾದ ಮೆಷಿನ್, ಮೊದಲ ದಿನವೇ ನೇರ ಕೊಯ್ದಿತು. ಅದರ ಅತಿ ಕಡಿಮೆ ವೇಗ ನಿಮಿಷಕ್ಕೆ 60 ಮೀಟರ್, ಹಾಗಾಗಿ ಡಿ2 ಜಾಸ್ತಿ ಕೊಯ್ಯುವವರಿಗೆ ನಾನು ಹೇಳುವುದಿಲ್ಲ. ಮೆತ್ತಗಿನ ಇಎನ್45, ಬೇರಿಂಗ್ ಉಕ್ಕಾದ ಇಎನ್31 ಮಾತ್ರ ಸಾಕು ಅನ್ನುವವರು ತಗೊಳ್ಳಬಹುದು, ಆ ವೇಗಕ್ಕೆ ಬ್ಲೇಡ್ ಬೇಗ ಸವೆಯುತ್ತದೆ ಅಷ್ಟೇ. ನನಗೆ ವರ್ಷಕ್ಕೆ ಮೂವತ್ತು ನಲವತ್ತು ಚಾಕುಗಳ ಕೆಲಸ ಇರುತ್ತದೆ, ಅದರಲ್ಲಿ ಅರ್ಧ ಡಿ2. ನನ್ನ ಮೆಷಿನ್ ನನಗೆ ಸರಿಯಾಗಿದೆ. ಹೋದ ವಾರ ಅಮ್ಮನ ಹಳೆಯ ಮೆಟ್ಟುಗತ್ತಿಯ ಅಲಗನ್ನೇ ಅಚ್ಚಾಗಿಟ್ಟು ಹೊಸದೊಂದು ಕೊಯ್ದೆ. ಹನ್ನೆರಡು ನಿಮಿಷ ಹಿಡಿಯಿತು. ಮಗು ಮಲಗಿದ್ದ ಹೊತ್ತಲ್ಲೇ ಕೊಯ್ದದ್ದು. ಏಳಲಿಲ್ಲ.